ಓಲೆಗರಿಯಿಂದ ಇ-ರೀಡರ್‌ವರೆಗೆ: ಪುಸ್ತಕ ಉಳಿದುಬಂದ ಬಗೆ

ಅಚ್ಚಾದ ಪುಸ್ತಕಗಳನ್ನು ಬಿಟ್ಟು ಇ-ರೀಡರ್ ಕೊಳ್ಳಬೇಕೇ? ವಿದ್ಯಾರ್ಥಿಗಳು, ಶಿಕ್ಷಕರು, ಊರಿನ ಗ್ರಂಥಾಲಯ ನೋಡಿಕೊಳ್ಳುವವರು ಈ ಪ್ರಶ್ನೆ ಕೇಳುತ್ತಾರೆ. ನೀವೂ ಕೇಳಿಕೊಂಡಿರಬಹುದು. ಅಂಗೈಗಿಂತ ಸ್ವಲ್ಪ ದೊಡ್ಡದಾದ, ಸುಮಾರು 200 ಗ್ರಾಂ ತೂಗುವ ಒಂದು ಫಲಕದೊಳಗೆ ಸಾವಿರಾರು ಪುಸ್ತಕಗಳು ಹಿಡಿಯುತ್ತವೆ ಎಂದಾಗ ಮನೆಯ ಕಪಾಟು, ಅದರ ಧೂಳು, ಅದನ್ನು ತಿನ್ನುವ ಗೆದ್ದಲು ಎಲ್ಲವೂ ನೆನಪಾಗುವುದು ಸಹಜ.

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯನ್ನೇ ತೆಗೆದುಕೊಳ್ಳಿ. ಈಗ ಅದು ಕೈಗಾರಿಕಾ ಪ್ರದೇಶವೆಂದು ಹೆಸರಾದ ಊರು. ಅಲ್ಲಿನ ವಿದ್ಯಾರ್ಥಿಯೊಬ್ಬಳು ಪಠ್ಯದ ಹೊರಗಿನ ಒಂದು ವಿಜ್ಞಾನ ಪುಸ್ತಕ ಬೇಕೆಂದು ಬೆಂಗಳೂರಿನ ದೊಡ್ಡ ಅಂಗಡಿಗೆ ಹೊರಟರೆ ಹೋಗಿಬರುವುದರಲ್ಲೇ ಒಂದು ದಿನ ಕಳೆಯುತ್ತದೆ. ಬಸ್ಸಿನ ಖರ್ಚು ಕೆಲವೊಮ್ಮೆ ಪುಸ್ತಕದ ಬೆಲೆಯನ್ನೂ ಮೀರುತ್ತದೆ. ಅಂಥವಳಿಗೆ ಇ-ರೀಡರ್ ಒಂದು ವರ ಎನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಈ ಪ್ರಶ್ನೆ ನಾವು ತಿಳಿದಷ್ಟು ಹೊಸದೇನಲ್ಲ. ಬರಹದ ಮಾಧ್ಯಮ ಬದಲಾಗುವುದನ್ನು ಕನ್ನಡಿಗರು ಹಲವು ಸಲ ಕಂಡಿದ್ದಾರೆ. ಪ್ರತಿ ಸಲವೂ ಕೆಲವು ಕೃತಿಗಳು ಹೊಸ ಮಾಧ್ಯಮಕ್ಕೆ ದಾಟಿ ಉಳಿದವು, ಕೆಲವು ದಾಟಲಾರದೆ ಕಣ್ಮರೆಯಾದವು. ದಾಟಿದವು ಯಾವುವು, ಏಕೆ ದಾಟಿದವು ಎಂಬುದನ್ನು ಗಮನಿಸಿದರೆ ಇ-ರೀಡರ್ ಬಗೆಗಿನ ನಮ್ಮ ಪ್ರಶ್ನೆಗೂ ಉತ್ತರ ದೊರಕೀತು.

ಕಲ್ಲು, ಓಲೆ, ಕಡತ

ಬರಹದ ಮಾಧ್ಯಮಗಳಲ್ಲಿ ಅತಿ ಗಟ್ಟಿಯಾದದ್ದು ಕಲ್ಲು. 1905ರಲ್ಲಿ ಬಿ.ಎಲ್. ರೈಸ್ ಅವರು ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟದಲ್ಲಿ ಅಂದಿನ ಕೋಲಾರ ಜಿಲ್ಲೆಯ ಶಾಸನಗಳಿವೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಎಲ್ಲವೂ ಆಗ ಅದೇ ಜಿಲ್ಲೆಯಲ್ಲಿದ್ದವು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಹೊಲದ ಬದುವಿನಲ್ಲೋ ಕೆರೆಯ ಏರಿಯ ಮೇಲೋ ನಿಂತ ಶಾಸನಕ್ಕೆ ವಿದ್ಯುತ್ತು ಬೇಡ, ಯಂತ್ರ ಬೇಡ. ಲಿಪಿ ಬಲ್ಲ ಕಣ್ಣಿದ್ದರೆ ಸಾಕು. ಆದರೆ ಕಲ್ಲನ್ನು ಹೊತ್ತು ತಿರುಗಲಾಗದು, ಅದರ ಮೇಲೆ ಮಹಾಕಾವ್ಯ ಕೆತ್ತಲಾಗದು. ದಾನ, ಗಡಿ, ವೀರಮರಣದಂಥ ಚಿಕ್ಕ ವಿಷಯಗಳಿಗಷ್ಟೇ ಅದು ತಕ್ಕದ್ದು.

ಕಾವ್ಯ, ಶಾಸ್ತ್ರ, ವೈದ್ಯ, ಗಣಿತಗಳಿಗೆ ಓಲೆಗರಿ ಬೇಕಾಯಿತು. ತಾಳೆ ಅಥವಾ ಶ್ರೀತಾಳೆಯ ಎಲೆಯನ್ನು ಹದಮಾಡಿ, ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಅದರ ಮೇಲೆ ಮಸಿ ಸವರಿ ಒರೆಸಿದರೆ ಗೀರುಗಳಲ್ಲಿ ಮಸಿ ನಿಂತು ಬರಹ ಕಾಣುತ್ತದೆ. ಎಲೆಯ ನಾರಿನ ಗುಂಟ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ. ನಮ್ಮ ಅಕ್ಷರಗಳು ದುಂಡಗಾದುದಕ್ಕೆ ಇದೂ ಒಂದು ಕಾರಣ ಎಂಬ ವಿವರಣೆಯುಂಟು. ಇಂಥ ಗರಿಗಳಿಗೆ ರಂಧ್ರ ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಪಟ್ಟಿ ಇಟ್ಟು ಕಟ್ಟಿದರೆ ಅದೇ ಪುಸ್ತಕ. ತೇವ, ಹುಳು, ಬೆಂಕಿ ಇದರ ಶತ್ರುಗಳು. ನಮ್ಮ ಹವೆಯಲ್ಲಿ ಕೆಲವು ನೂರು ವರ್ಷಗಳಲ್ಲಿ ಓಲೆ ಪುಡಿಯಾಗತೊಡಗುತ್ತದೆ. ಅಷ್ಟರೊಳಗೆ ಯಾರಾದರೂ ಅದನ್ನು ಹೊಸ ಗರಿಗಳ ಮೇಲೆ ನಕಲು ಮಾಡಬೇಕು.

ಇದರ ಜೊತೆಗೆ ಮತ್ತೊಂದು ಸ್ವಾರಸ್ಯಕರ ಮಾಧ್ಯಮ ನಮ್ಮಲ್ಲಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಹಾಳೆಗಳ ಮೇಲೆ ಬಳಪದಿಂದ ಬರೆಯುತ್ತಿದ್ದರು. ಇದೇ ಕಡತ. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಾದ್ದರಿಂದ ಲೆಕ್ಕಪತ್ರಗಳಿಗೆ ಅನುಕೂಲವಾಗಿತ್ತು. ವಸ್ತು ಮರೆಯಾದರೂ ಹೆಸರು ಉಳಿಯಿತು. ಸರ್ಕಾರಿ ಕಚೇರಿಯಲ್ಲಿ ಇಂದಿಗೂ ನಿಮ್ಮ ಅರ್ಜಿ ಕೂತಿರುವುದು 'ಕಡತ'ದಲ್ಲೇ ಅಲ್ಲವೇ! ಬರೆದದ್ದು ತಾನಾಗಿ ನಿಂತಿರಬೇಕು, ಬೇಕಾದಾಗ ಅಳಿಸಲು ಬರಬೇಕು ಎಂಬ ಕಡತದ ಈ ಎರಡು ಗುಣಗಳನ್ನು ನೆನಪಿನಲ್ಲಿಡಿ. ಇ-ರೀಡರ್‌ನ ಪರದೆಗೆ ಬರುವಾಗ ಇವು ಮತ್ತೆ ಬೇಕಾಗುತ್ತವೆ.

ಸಾವಿರ ಪ್ರತಿಗಳ ಬುದ್ಧಿವಂತಿಕೆ

ಹತ್ತನೆಯ ಶತಮಾನದ ಕವಿ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಓಲೆಯ ಮೇಲೆ ಬರೆಸಿ ಹಂಚಿದಳೆಂಬುದು ನಮಗೆಲ್ಲ ತಿಳಿದ ಸಂಗತಿ. ನಾವು ಇದನ್ನು ದಾನದ ಕಥೆಯಾಗಿ ಕೇಳುತ್ತೇವೆ. ಸಂಭವನೀಯತೆಯ ಲೆಕ್ಕವಾಗಿಯೂ ಇದನ್ನು ನೋಡಬಹುದು. ಒಂದು ಓಲೆಕಟ್ಟು ನೂರು ವರ್ಷದೊಳಗೆ ನಾಶವಾಗುವ ಸಾಧ್ಯತೆ ಶೇಕಡ 90 ಎಂದು ಇಟ್ಟುಕೊಳ್ಳೋಣ (ಇದು ಉದಾಹರಣೆಗೆ ಹಿಡಿದ ಸಂಖ್ಯೆ). ಒಂದೇ ಪ್ರತಿಯಿದ್ದರೆ ಕೃತಿ ಉಳಿಯುವ ಸಾಧ್ಯತೆ ಹತ್ತರಲ್ಲೊಂದು. ಬೇರೆ ಬೇರೆ ಊರುಗಳಲ್ಲಿ ಹತ್ತು ಪ್ರತಿಗಳಿದ್ದರೆ ಎಲ್ಲವೂ ನಾಶವಾಗುವ ಸಾಧ್ಯತೆ 0.9ರ ಹತ್ತನೆಯ ಘಾತ, ಅಂದರೆ ಸುಮಾರು 0.35. ನೂರು ಪ್ರತಿಗಳಿದ್ದರೆ ಅದು ಲಕ್ಷಕ್ಕೆ ಮೂರಕ್ಕಿಂತ ಕಡಿಮೆ. ಪ್ರತಿಯೊಂದು ಗರಿಯೂ ಅಷ್ಟೇ ದುರ್ಬಲ. ಆದರೂ ಕೃತಿ ಮಾತ್ರ ಗಟ್ಟಿಯಾಗುತ್ತದೆ.

ಪೊನ್ನನೇ ಬರೆದ 'ಭುವನೈಕರಾಮಾಭ್ಯುದಯ' ನಮಗೆ ಸಿಕ್ಕಿಲ್ಲ. ರನ್ನನ 'ಪರಶುರಾಮಚರಿತ', 'ಚಕ್ರೇಶ್ವರಚರಿತ'ಗಳೂ ಹೆಸರಾಗಿ ಮಾತ್ರ ಉಳಿದಿವೆ. ಇದಕ್ಕೆ ಪ್ರತಿಗಳ ಕೊರತೆಯೊಂದೇ ಕಾರಣ ಎಂದು ಹೇಳಲಾಗದು. ಆದರೆ ಒಬ್ಬನೇ ಕವಿಯ ಎರಡು ಕೃತಿಗಳಲ್ಲಿ ಸಾವಿರ ಕೈಗಳಿಗೆ ಹಂಚಿದ್ದು ಉಳಿದು, ಇನ್ನೊಂದು ಕಳೆದುಹೋಯಿತು ಎಂಬುದನ್ನು ನಾವು ಮರೆಯಬಾರದು.

ಇದಕ್ಕೆ ವಿರುದ್ಧದ ಉದಾಹರಣೆ ಮೂಡುಬಿದಿರೆಯದು. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಕಾಪಾಡಿದ 'ಧವಲಾ' ಮೊದಲಾದ ಗ್ರಂಥಗಳು 12ನೆಯ ಶತಮಾನದ ಶ್ರೀತಾಳೆಯ ಓಲೆಗಳಲ್ಲಿ, ಹಳಗನ್ನಡ ಲಿಪಿಯಲ್ಲಿವೆ. ಅವು ಉಳಿದದ್ದು ಕಾಪಾಡಿದವರ ಭಕ್ತಿ ಮತ್ತು ಎಚ್ಚರದಿಂದ. ಆದರೆ ಬಹುಕಾಲ ಅವು ದರ್ಶನಕ್ಕಷ್ಟೇ ಸಿಗುತ್ತಿದ್ದವು, ಓದಿಗೆ ಸಿಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕೆಲಸ ಆರಂಭವಾಗಿ, 1939ರಿಂದ 'ಧವಲಾ' 16 ಸಂಪುಟಗಳಲ್ಲಿ ಅಚ್ಚಾಗತೊಡಗಿದ ಮೇಲೆ ವಿದ್ವಾಂಸರು ಅವನ್ನು ಓದುವಂತಾಯಿತು. ಆ ಪುಟಗಳಲ್ಲಿ ಘಾತಗಳ ಬಗ್ಗೆ, ಇಂದು ನಾವು ಲಾಗರಿತಮ್ ಎನ್ನುವಂಥ ಕಲ್ಪನೆಯ ಬಗ್ಗೆ ಗಣಿತವಿದೆ ಎಂದು ಲೋಕಕ್ಕೆ ತಿಳಿದದ್ದು ಆಮೇಲೆ.

ಹೀಗಾಗಿ ಪುಸ್ತಕವೊಂದು ನಿಜವಾಗಿ ಬದುಕಿರಬೇಕಾದರೆ ಮೂರು ಗುಣಗಳು ಬೇಕು ಎನ್ನಬಹುದು. ವಸ್ತು ಬಾಳಬೇಕು. ಅದನ್ನು ಓದಲು ಸಾಧ್ಯವಿರಬೇಕು. ಅದನ್ನು ನಕಲು ಮಾಡಿ ಹಂಚಲು ಬರಬೇಕು. ಈ ಮೂರರಲ್ಲಿ ಮೂರನೆಯದೇ ಮುಖ್ಯವೆಂದು ಮುಂದಿನ ಇತಿಹಾಸ ತೋರಿಸುತ್ತದೆ.

ಅಚ್ಚು ಬಂದಾಗ

ಕನ್ನಡದ ಅಚ್ಚುಮೊಳೆಗಳಲ್ಲಿ ಮೊದಲು ಪ್ರಕಟವಾದ ಪುಸ್ತಕ ವಿಲಿಯಂ ಕೇರಿಯ ಕನ್ನಡ ವ್ಯಾಕರಣ. ಅಚ್ಚಾದದ್ದು 1817ರಲ್ಲಿ, ದೂರದ ಬಂಗಾಳದ ಶ್ರೀರಾಮಪುರದಲ್ಲಿ. ಕನ್ನಡಕ್ಕೆ ಮೊಳೆ ಎರಕ ಹೊಯ್ಯುವುದು ಸುಲಭವಾಗಿರಲಿಲ್ಲ. ಕಾಗುಣಿತ ಮತ್ತು ಒತ್ತಕ್ಷರಗಳಿಂದಾಗಿ ನೂರಾರು ಬಗೆಯ ಮೊಳೆಗಳು ಬೇಕು. ಆದ್ದರಿಂದ ಮಂಗಳೂರಿನ ಬಾಸೆಲ್ ಮಿಶನ್ ಆರಂಭದಲ್ಲಿ ಕಲ್ಲಚ್ಚನ್ನು ಬಳಸಿತು. ಜಿಡ್ಡಿನ ಮಸಿಯಿಂದ ನುಣುಪಾದ ಸುಣ್ಣಕಲ್ಲಿನ ಮೇಲೆ ಬರೆದು ಕಲ್ಲನ್ನು ನೀರಿನಿಂದ ತೋಯಿಸಿದರೆ, ಉರುಳೆಯಿಂದ ಹಚ್ಚುವ ಮಸಿ ಜಿಡ್ಡಿರುವ ಕಡೆ ಮಾತ್ರ ಹಿಡಿಯುತ್ತದೆ. ಎಣ್ಣೆ ನೀರು ಕೂಡುವುದಿಲ್ಲ ಎಂಬ ಅಡುಗೆಮನೆಯ ಭೌತವಿಜ್ಞಾನವೇ ಇದರ ತಳಹದಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಹೀಗೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಅಚ್ಚು ಬಂದ ಕೂಡಲೇ ಓಲೆ ಹೋಗಲಿಲ್ಲ. ಶ್ರೀರಾಮಪುರದ ಪುಸ್ತಕ ಬಂದು ಎಂಬತ್ತು ವರ್ಷಗಳಾದ ಮೇಲೆ, 1898ರಲ್ಲಿ 'ಕವಿರಾಜಮಾರ್ಗ' ಕೆ.ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾಯಿತು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಓಲೆಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ 'ಅರ್ಥಶಾಸ್ತ್ರ'ವನ್ನು ಗುರುತಿಸಿದ್ದು 1905ರಲ್ಲಿ. ಅಲ್ಲಿಯವರೆಗೆ ಆ ಕೃತಿ ಇತರ ಗ್ರಂಥಗಳ ಉಲ್ಲೇಖಗಳಿಂದಷ್ಟೇ ತಿಳಿದಿತ್ತು. 1909ರಲ್ಲಿ ಅದು ಅಚ್ಚಾದ ಬಳಿಕ ಜಗತ್ತಿನ ಯಾವ ಮೂಲೆಯಲ್ಲಾದರೂ ಓದುವಂತಾಯಿತು. ಆ ಓಲೆಕಟ್ಟನ್ನು ಅಚ್ಚಾದ ಮೇಲೆ ಎಸೆಯಲಿಲ್ಲ ಎಂಬುದೂ ಮುಖ್ಯ. ಮುದ್ರಣದಲ್ಲಿ ಸಂದೇಹ ಬಂದರೆ ನೋಡಲು ಮೂಲ ಇರಲೇಬೇಕು.

ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರ ಕೆಲಸವಂತೂ ಮಾಧ್ಯಮ ಬದಲಾವಣೆಯ ದೊಡ್ಡ ಪಾಠ. ಮನೆಮನೆಗಳ ಜಗಲಿಯ ಮೇಲೆ, ಅಟ್ಟದ ಮೇಲೆ, ಪೂಜೆಯ ಕೋಣೆಯಲ್ಲಿ ಇದ್ದ ವಚನಗಳ ಓಲೆಕಟ್ಟುಗಳನ್ನು ಅವರು ಹುಡುಕಿ, ಹೋಲಿಸಿ, ಪ್ರತಿ ಮಾಡಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂತು. ಸ್ವಂತ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಅಂದರೆ ಕನ್ನಡದಲ್ಲಿ ಅಚ್ಚು ಬಂದು ನೂರು ವರ್ಷ ಕಳೆದ ಮೇಲೂ ಸಾವಿರಾರು ವಚನಗಳು ಓಲೆಯಲ್ಲೇ ಕಾಯುತ್ತಿದ್ದವು. ಹೊಸ ಮಾಧ್ಯಮ ಎಲ್ಲವನ್ನೂ ತಾನಾಗಿ ಎತ್ತಿಕೊಳ್ಳುವುದಿಲ್ಲ. ಯಾರಾದರೂ ಒಬ್ಬರು ಕೂತು ಒಂದೊಂದನ್ನೇ ದಾಟಿಸಬೇಕು.

ಗೌರಿಬಿದನೂರಿನ ಟೇಪುಗಳು

ಯಂತ್ರದಿಂದ ಓದಬೇಕಾದ ದಾಖಲೆ ಹೇಗೆ ಬೇರೆ ಎಂಬುದನ್ನು ತಿಳಿಯಲು ಮತ್ತೆ ಕುಡುಮಲಕುಂಟೆಯ ಸೀಮೆಗೇ ಬರೋಣ. 1965ರಲ್ಲಿ ಗೌರಿಬಿದನೂರಿನ ಬಳಿ ನಮ್ಮ ಅಣುಶಕ್ತಿ ಇಲಾಖೆಯು ಬ್ರಿಟನ್ನಿನ ಸಹಕಾರದೊಂದಿಗೆ ಭೂಕಂಪಮಾಪಕಗಳ ಒಂದು ವ್ಯೂಹವನ್ನು ಸ್ಥಾಪಿಸಿತು. ದೂರದ ದೇಶಗಳಲ್ಲಿ ನೆಲದಡಿ ನಡೆಯುವ ಅಣ್ವಸ್ತ್ರ ಪರೀಕ್ಷೆಗಳನ್ನು ಸಹಜ ಭೂಕಂಪಗಳಿಂದ ಬೇರ್ಪಡಿಸಿ ಗುರುತಿಸುವುದು ಅದರ ಉದ್ದೇಶ. ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ 20 ಮಾಪಕಗಳನ್ನು ಹರಡಿ, ಅವುಗಳ ಸಂಕೇತಗಳನ್ನು ಆರಂಭದ ವರ್ಷಗಳಲ್ಲಿ ಕಾಂತೀಯ ಟೇಪುಗಳ ಮೇಲೆ ದಾಖಲಿಸುತ್ತಿದ್ದರು.

ಇಂಥ ಟೇಪನ್ನು ಕೈಯಲ್ಲಿ ಹಿಡಿದು ನೋಡಿದರೆ ಏನೂ ಕಾಣದು. ಕಂದು ಬಣ್ಣದ ಪಟ್ಟಿ ಅಷ್ಟೆ. ಅದರಲ್ಲಿನ ಕಂಪನ ತಿಳಿಯಬೇಕಾದರೆ ಅದೇ ಅಗಲದ ಟೇಪನ್ನು, ಅದೇ ವೇಗದಲ್ಲಿ ಓಡಿಸುವ ಯಂತ್ರ ಬೇಕು. ಯಾವ ಜಾಡಿನಲ್ಲಿ ಯಾವ ಮಾಪಕದ ಸಂಕೇತವಿದೆ ಎಂಬ ವಿವರ ಬೇಕು. ಅದೇ ತಾಲ್ಲೂಕಿನ ಹೊಲದಲ್ಲಿ ನಿಂತ ಶಾಸನಕ್ಕೆ ಇದಾವುದೂ ಬೇಡ. ದಾಖಲೆಯ ವಸ್ತು ಚೆನ್ನಾಗಿದ್ದರೂ ಅದನ್ನು ಓದುವ ಯಂತ್ರ ಹೋದರೆ ದಾಖಲೆಯೂ ಹೋದಂತೆ. ಹಳೆಯ ಟೇಪುಗಳನ್ನು ಕಾಲಕಾಲಕ್ಕೆ ಹೊಸ ರೂಪಕ್ಕೆ ವರ್ಗಾಯಿಸುವುದು ಪ್ರಯೋಗಾಲಯಗಳಲ್ಲಿ ಒಂದು ಕಡ್ಡಾಯ ಕೆಲಸವಾದದ್ದು ಈ ಕಾರಣದಿಂದ.

ಮನೆಯ ಉದಾಹರಣೆಯೂ ಬೇಕಾದರೆ ಇದೆ. ನನ್ನ ಓರಗೆಯ ಅಧ್ಯಾಪಕರ ಪಿಎಚ್.ಡಿ. ಪ್ರಬಂಧಗಳು ಎರಡು ರೂಪದಲ್ಲಿವೆ. ರಟ್ಟು ಕಟ್ಟಿದ ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ, ಯಾರು ಬೇಕಾದರೂ ತೆರೆದು ಓದಬಹುದು. ಇನ್ನೊಂದು 1.44 ಮೆಗಾಬೈಟಿನ ಫ್ಲಾಪಿಗಳಲ್ಲಿದೆ. ಇಂದಿನ ಕಂಪ್ಯೂಟರುಗಳಲ್ಲಿ ಅದನ್ನು ತೂರಿಸುವ ಕಂಡಿಯೇ ಇಲ್ಲ!

ಅಕ್ಷರದ ಸಂಕೇತವೂ ಒಂದು ಬೀಗ

ಕನ್ನಡಕ್ಕೆ ಇದಕ್ಕಿಂತ ಗಂಭೀರವಾದ ತೊಡಕು ಬಂದದ್ದು ಅಕ್ಷರಗಳ ಸಂಕೇತಗಳಿಂದ. ಕಂಪ್ಯೂಟರಿಗೆ ಗೊತ್ತಿರುವುದು ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾವ ಅಕ್ಷರ ಎಂಬ ಒಪ್ಪಂದವಿದ್ದರೆ ಪಠ್ಯ, ಇಲ್ಲವಾದರೆ ಗೊಂದಲ. 1980 ಮತ್ತು 90ರ ದಶಕಗಳಲ್ಲಿ ಮುದ್ರಣಾಲಯಗಳು ಪ್ರಕಾಶಕ್, ಶ್ರೀಲಿಪಿ ಮೊದಲಾದ ತಂತ್ರಾಂಶಗಳನ್ನು ಬಳಸಿದವು. 1998ರಲ್ಲಿ ಬರಹ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವು ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಅದೇ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ತಲೆಯ ಮೇಲೆ ಚುಕ್ಕೆ, ಟೋಪಿ ಹೊತ್ತ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ನಿಮ್ಮಲ್ಲಿ ಅನೇಕರು ಇದನ್ನು ಕಂಡಿರುತ್ತೀರಿ.

1991ರ ಅಕ್ಟೋಬರಿನಲ್ಲಿ ಪ್ರಕಟವಾದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಪ್ರದೇಶ ಸಿಕ್ಕಿತ್ತು. ಭಾರತೀಯ ಲಿಪಿಗಳಿಗಾಗಿ ಇಲ್ಲಿ ರೂಪಿಸಿದ್ದ ಇಸ್ಕಿ ಸಂಕೇತವೇ ಅದಕ್ಕೆ ಆಧಾರ. ಅದು ಸಾಮಾನ್ಯ ಬಳಕೆದಾರರ ಕೈಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟು ಬಂದ ಬಳಿಕ. ಅಲ್ಲಿಯವರೆಗೆ ಬೆರಳಚ್ಚಾದ ಅಸಂಖ್ಯ ಪುಟಗಳು ಹಳೆಯ ಸಂಕೇತಗಳಲ್ಲೇ ಉಳಿದವು. ಈ ಪುಸ್ತಕಗಳ ಕಾಗದದ ಪ್ರತಿಯನ್ನು ಇಂದೂ ಓದಬಹುದು. ಅವುಗಳದೇ ಕಂಪ್ಯೂಟರ್ ಕಡತವನ್ನು ಪರಿವರ್ತಿಸದೆ ಓದಲಾಗದು. ಹಳೆಯ ಮಾಧ್ಯಮ ಹೊಸದಕ್ಕಿಂತ ಹೆಚ್ಚು ಬಾಳಿತು ಎಂಬುದು ಇಲ್ಲಿನ ವಿಪರ್ಯಾಸ.

ದಾಟಿಸಿದ ಕಡೆ ಫಲವೂ ದೊಡ್ಡದು. ಹಳಕಟ್ಟಿಯವರಿಂದ ಅಚ್ಚಿಗೆ ಬಂದ ಪರಂಪರೆ ಮುಂದೆ ರಾಜ್ಯ ಸರ್ಕಾರದ ಸಮಗ್ರ ವಚನ ಸಂಪುಟಗಳವರೆಗೆ ಬೆಳೆಯಿತು. 2013ರಲ್ಲಿ ಉತ್ಸಾಹಿಗಳ ಗುಂಪೊಂದು 'ವಚನ ಸಂಚಯ'ವನ್ನು ತೆರೆದಾಗ 20 ಸಾವಿರಕ್ಕೂ ಹೆಚ್ಚು ವಚನಗಳು ಯುನಿಕೋಡಿನಲ್ಲಿ, ಪದ ಹಿಡಿದು ಹುಡುಕುವಂತೆ ದೊರೆತವು. 'ನೀರು' ಎಂಬ ಪದ ಯಾವ ಯಾವ ವಚನಕಾರರಲ್ಲಿ ಬರುತ್ತದೆ ಎಂದು ಕೆಲವೇ ಕ್ಷಣಗಳಲ್ಲಿ ತಿಳಿಯಬಹುದು. ಓಲೆಕಟ್ಟುಗಳಲ್ಲಿ ಇದನ್ನು ಹುಡುಕಲು ಒಂದು ಆಯುಷ್ಯವೂ ಸಾಲದು.

ಇ-ರೀಡರ್‌ನ ಒಳಗೆ

ಈಗ ಇ-ರೀಡರ್ ಕಡೆಗೆ ಬರೋಣ. ಇದು ಫೋನಿನ ಪರದೆಗಿಂತ ಬೇರೆ. ಫೋನಿನ ಪರದೆ ತಾನೇ ಬೆಳಕು ಚೆಲ್ಲುತ್ತದೆ. ಇ-ರೀಡರ್‌ನ ಪರದೆ ಕಾಗದದಂತೆ ಹೊರಗಿನ ಬೆಳಕನ್ನು ಪ್ರತಿಫಲಿಸುತ್ತದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜೋಸೆಫ್ ಜೇಕಬ್ಸನ್ ಮತ್ತು ಅವರ ವಿದ್ಯಾರ್ಥಿಗಳು 1990ರ ದಶಕದ ನಡುವೆ ರೂಪಿಸಿದ ಈ 'ವಿದ್ಯುನ್ಮಾನ ಮಸಿ'ಯಲ್ಲಿ ಕೂದಲೆಳೆಯ ದಪ್ಪದ ಲಕ್ಷಾಂತರ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯ ದ್ರವದಲ್ಲಿ ಬಿಳಿಯ ಟೈಟೇನಿಯಂ ಡೈಆಕ್ಸೈಡ್ ಕಣಗಳೂ ಕಪ್ಪು ಕಣಗಳೂ ತೇಲುತ್ತವೆ. ಎರಡಕ್ಕೂ ವಿರುದ್ಧ ವಿದ್ಯುದಾವೇಶ. ಹಿಂಬದಿಯ ವಿದ್ಯುದ್ವಾರಕ್ಕೆ ಒಂದು ಬಗೆಯ ವೋಲ್ಟೇಜು ಕೊಟ್ಟರೆ ಕಪ್ಪು ಮೇಲೆ ಬರುತ್ತದೆ, ಅದನ್ನು ತಿರುಗಿಸಿದರೆ ಬಿಳಿ ಬರುತ್ತದೆ. ವೋಲ್ಟೇಜು ತೆಗೆದರೂ ಕಣಗಳು ಇದ್ದಲ್ಲೇ ನಿಲ್ಲುತ್ತವೆ. ಆದ್ದರಿಂದ ಪುಟ ತಿರುಗಿಸುವಾಗ ಮಾತ್ರ ಪರದೆಗೆ ವಿದ್ಯುತ್ತು ಬೇಕು. ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ಓದಬಹುದು. ಬರೆದದ್ದು ನಿಲ್ಲುತ್ತದೆ, ಬೇಕಾದಾಗ ಅಳಿಯುತ್ತದೆ. ನಮ್ಮ ಹಳೆಯ ಕಡತವೇ ಮರಳಿ ಬಂದಂತಿಲ್ಲವೇ?

ಸೋನಿ ಸಂಸ್ಥೆ 2004ರಲ್ಲಿ ಜಪಾನಿನಲ್ಲಿ ಇಂಥ ಪರದೆಯ ಲಿಬ್ರಿಯೆಯನ್ನು ಮಾರಿತು. ಅಮೆಜಾನ್‌ನ ಕಿಂಡಲ್ ಬಂದದ್ದು 2007ರ ನವೆಂಬರಿನಲ್ಲಿ. ಜಾಗದ ಲೆಕ್ಕವನ್ನು ನೀವೇ ಮಾಡಬಹುದು. ಯುನಿಕೋಡಿನ ರೂಢಿಯ ಬಳಕೆಯಲ್ಲಿ ಕನ್ನಡದ ಒಂದು ಚಿಹ್ನೆಗೆ 3 ಬೈಟು. ಪುಟಕ್ಕೆ 1500 ಚಿಹ್ನೆಗಳಂತೆ 200 ಪುಟದ ಪುಸ್ತಕಕ್ಕೆ ಸುಮಾರು 9 ಲಕ್ಷ ಬೈಟು, ಅಂದರೆ ಒಂದು ಮೆಗಾಬೈಟಿಗೂ ಕಡಿಮೆ. 8 ಗಿಗಾಬೈಟಿನ ಫಲಕದಲ್ಲಿ ಇಂಥ ಎಂಟು ಸಾವಿರ ಪುಸ್ತಕ ಹಿಡಿಯುತ್ತವೆ. ಅದೇ ಪುಸ್ತಕವನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿದ ಚಿತ್ರವಾಗಿ ಇಟ್ಟರೆ ಅದರ ಇಪ್ಪತ್ತು ಮೂವತ್ತು ಪಟ್ಟು ಜಾಗ ಬೇಕು. ಆರು ಇಂಚಿನ ಪರದೆಯ ಮೇಲೆ ಆ ಚಿತ್ರದ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ, ಪಠ್ಯದಂತೆ ಅವುಗಳ ಗಾತ್ರವನ್ನು ದೊಡ್ಡದು ಮಾಡಿ ಸಾಲು ಹೊಂದಿಸಲು ಬಾರದು. ಕನ್ನಡದ ಹಳೆಯ ಪುಸ್ತಕಗಳು ಬಹುಪಾಲು ಸಿಗುವುದು ಇಂಥ ಚಿತ್ರರೂಪದಲ್ಲೇ.

ಹೊಸ ಪುಸ್ತಕಗಳ ಮಾತೇನು? 2016ರ ಡಿಸೆಂಬರಿನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ಆರಂಭಿಸಿದಾಗ ಪಟ್ಟಿಯಲ್ಲಿದ್ದವು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡವೂ ಇರಲಿಲ್ಲ, ತೆಲುಗೂ ಇರಲಿಲ್ಲ. ಎರಡೂ ಭಾಷೆ ಆಡುವ ಗೌರಿಬಿದನೂರು ಸೀಮೆಯ ಓದುಗರಿಗೆ ಎರಡು ಬಾಗಿಲೂ ಮುಚ್ಚಿದ್ದವು ಎನ್ನಬೇಕು. ಕನ್ನಡದ ಇ-ಪುಸ್ತಕಗಳು ಬೆಳೆದದ್ದು ಗೂಗಲ್ ಪ್ಲೇ ಬುಕ್ಸ್, 2020ರಲ್ಲಿ ಬಂದ ಮೈಲ್ಯಾಂಗ್ ಮುಂತಾದ ಫೋನಿನ ತಂತ್ರಾಂಶಗಳ ಮೂಲಕ. ಇಂಗ್ಲಿಷ್ ಓದುಗನಿಗೆ ಒದಗುವ ಸಲಹೆಯನ್ನು ಕನ್ನಡ ಓದುಗ ಹಾಗೆಯೇ ಒಪ್ಪಿಕೊಳ್ಳಲಾಗದು ಎಂದು ಇದರಿಂದ ತಿಳಿಯುತ್ತದೆ.

ಕೊಂಡ ಪುಸ್ತಕ ಯಾರದು?

ಅಂಗಡಿಯಲ್ಲಿ ಕೊಂಡ ಪುಸ್ತಕ ನಿಮ್ಮದು. ಓದಿ ಮುಗಿಸಿ ಗೆಳತಿಗೆ ಕೊಡಬಹುದು, ಶಾಲೆಗೆ ದಾನ ಮಾಡಬಹುದು, ಹಳೆಯ ಪುಸ್ತಕದಂಗಡಿಗೆ ಮಾರಬಹುದು. ಇ-ಪುಸ್ತಕವನ್ನು 'ಕೊಂಡಾಗ' ಸಿಗುವುದು ಸಾಮಾನ್ಯವಾಗಿ ಓದುವ ಪರವಾನಗಿ ಮಾತ್ರ. 2009ರ ಜುಲೈನಲ್ಲಿ ಅಮೆಜಾನ್ ಹಕ್ಕುಸ್ವಾಮ್ಯದ ತಕರಾರಿನಿಂದಾಗಿ ಜಾರ್ಜ್ ಆರ್ವೆಲ್‌ರ '1984' ಮತ್ತು 'ಅನಿಮಲ್ ಫಾರ್ಮ್' ಕೃತಿಗಳ ಪ್ರತಿಗಳನ್ನು ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿ ಹಣ ಹಿಂದಿರುಗಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಅಂಗಡಿಯನ್ನು ಮುಚ್ಚಿದಾಗ ಓದುಗರು ಕೊಂಡಿದ್ದ ಪುಸ್ತಕಗಳೂ ಮಾಯವಾದವು. ಹಣ ಮರಳಿತು, ಪುಸ್ತಕ ಮರಳಲಿಲ್ಲ. ಕಿಂಡಲ್ ಪುಸ್ತಕಗಳ ಕಡತವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ವರ್ಗಾಯಿಸುವ ಅನುಕೂಲವನ್ನು ಅಮೆಜಾನ್ 2025ರ ಫೆಬ್ರವರಿಯಲ್ಲಿ ತೆಗೆದುಹಾಕಿತು.

ಕಂಪನಿಗಳು ಮಾತ್ರವೇ ಹೀಗೆ ಎಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ 2000ದ ದಶಕದಲ್ಲಿ ಬೆಳೆದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಸಾವಿರಾರು ಕನ್ನಡ ಪುಸ್ತಕಗಳೂ ಸೇರಿದಂತೆ ಲಕ್ಷಾಂತರ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಓದಲು ಇಟ್ಟಿತ್ತು. 2017ರ ಹೊತ್ತಿಗೆ ಆ ತಾಣ ಓದುಗರಿಗೆ ಎಟುಕದಾಯಿತು. ಆದರೂ ಆ ಪುಸ್ತಕಗಳಲ್ಲಿ ಬಹಳಷ್ಟನ್ನು ನೀವು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ಓದಬಹುದು. ಹೇಗೆ? ಮೂಲತಾಣ ಮುಚ್ಚುವ ಮೊದಲೇ ಆಸಕ್ತರು ಅವನ್ನು ನಕಲು ಮಾಡಿಕೊಂಡಿದ್ದರು. ಅತ್ತಿಮಬ್ಬೆಯ ಲೆಕ್ಕ ಸಾವಿರ ವರ್ಷದ ಬಳಿಕವೂ ಸರಿಯಾಗಿಯೇ ಇದೆ.

ಹಾಗಾದರೆ ಏನು ಮಾಡಬೇಕು?

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ಏನನ್ನೇ ಆಗಲಿ ಪ್ರಶ್ನಿಸಿ ಒಪ್ಪಬೇಕೆಂದು ಜೀವಮಾನವಿಡೀ ಹೇಳಿದರು. ಇ-ರೀಡರ್ ಅನ್ನೂ ಹಾಗೆಯೇ ಪ್ರಶ್ನಿಸೋಣ. ಓದಲು ಅದು ಒಳ್ಳೆಯ ಸಾಧನವೇ? ಹೌದು. ಅಕ್ಷರ ದೊಡ್ಡದು ಮಾಡಿಕೊಳ್ಳುವ ಹಿರಿಯರಿಗೆ, ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ, ಪದೇ ಪದೇ ವಿದ್ಯುತ್ತು ಹೋಗುವ ಊರಿನವರಿಗೆ ಅದು ಉಪಕಾರಿ. ಕಥೆ, ಕಾದಂಬರಿಗಳನ್ನು ಪರದೆಯ ಮೇಲೆ ಓದಿದರೂ ಕಾಗದದ ಮೇಲೆ ಓದಿದರೂ ಗ್ರಹಿಕೆಯಲ್ಲಿ ಅಂಥ ವ್ಯತ್ಯಾಸ ಕಾಣದು. ಆದರೆ ಮಾಹಿತಿ ತುಂಬಿದ ಪಾಠಗಳನ್ನು ಓದುವಾಗ, ಅದರಲ್ಲೂ ಸಮಯದ ಒತ್ತಡವಿದ್ದಾಗ, ಕಾಗದದ ಓದುಗರು ಸ್ವಲ್ಪ ಮುಂದಿರುತ್ತಾರೆ. 54 ಅಧ್ಯಯನಗಳನ್ನು, ಒಂದು ಲಕ್ಷ 70 ಸಾವಿರಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ತೀರ್ಮಾನ ಇದು. ಭೌತಶಾಸ್ತ್ರದ ಪಠ್ಯದಲ್ಲಿ ಸಮೀಕರಣವೊಂದನ್ನು ಓದುತ್ತ ಹತ್ತು ಪುಟ ಹಿಂದಿನ ಚಿತ್ರಕ್ಕೆ ಹೋಗಿಬರುವ ವಿದ್ಯಾರ್ಥಿಗೆ ಕಾಗದವೇ ಸಲೀಸು ಎಂಬುದು ತರಗತಿಯಲ್ಲಿ ನಾನು ಕಂಡಿರುವ ಸಂಗತಿಯೂ ಹೌದು.

ಪುಸ್ತಕವನ್ನು ಉಳಿಸಲು ಅದು ಒಳ್ಳೆಯ ಸಾಧನವೇ? ಇಲ್ಲಿ ಉತ್ತರ ಬೇರೆ. ಒಳಗಿನ ಸ್ಮೃತಿ ಇಲೆಕ್ಟ್ರಾನುಗಳನ್ನು ನಿರೋಧಕ ಪದರಗಳ ನಡುವೆ ಸಿಲುಕಿಸಿ ಮಾಹಿತಿಯನ್ನು ಹಿಡಿದಿಡುತ್ತದೆ. ಅವು ನಿಧಾನವಾಗಿ ಸೋರುತ್ತವೆ, ಬಿಸಿಯಲ್ಲಿ ಇನ್ನೂ ಬೇಗ. ಬ್ಯಾಟರಿಯ ಆಯುಷ್ಯವೂ ಕೆಲವೇ ವರ್ಷ. ಅದೆಲ್ಲಕ್ಕಿಂತ ಮಿಗಿಲಾಗಿ, ಬೀಗ ಹಾಕಿದ ಕಡತವನ್ನು ನೀವು ಇನ್ನೊಬ್ಬರಿಗೆ ನಕಲು ಮಾಡಿ ಕೊಡಲಾರಿರಿ. ಅಂದರೆ ನಾವು ಕಂಡ ಮೂರು ಗುಣಗಳಲ್ಲಿ ಮುಖ್ಯವಾದ ಮೂರನೆಯದೇ ಅಲ್ಲಿಲ್ಲ. ಆದರೆ ಬೀಗವಿಲ್ಲದ, ಯುನಿಕೋಡಿನಲ್ಲಿರುವ, ಇಪಬ್‌ನಂಥ ಮುಕ್ತ ರೂಪದ ಕಡತಕ್ಕೆ ಈ ದೋಷವಿಲ್ಲ. ಅದನ್ನು ಒಂದು ಕ್ಷಣದಲ್ಲಿ ಸಾವಿರ ಪ್ರತಿ ಮಾಡಬಹುದು.

ಈ ಮಾತು ನಿಮ್ಮ ಮನೆಯ ಕಪಾಟಿಗಿಂತಲೂ ಊರಿನ ಗ್ರಂಥಾಲಯಕ್ಕೆ ಹೆಚ್ಚು ಅನ್ವಯಿಸುತ್ತದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ, ಅಲ್ಲಿಗೆ ಕಂಪ್ಯೂಟರುಗಳೂ ಬರುತ್ತಿರುವುದು ಸಂತೋಷದ ಸಂಗತಿ. ಆದರೆ 'ಎಲ್ಲವೂ ಆನ್‌ಲೈನಿನಲ್ಲಿದೆ' ಎಂದು ಹಳೆಯ ಕನ್ನಡ ಪುಸ್ತಕಗಳನ್ನು ತೂಕಕ್ಕೆ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿ. ಆ ಪುಸ್ತಕ ಯುನಿಕೋಡ್ ರೂಪದಲ್ಲಿ ಎಲ್ಲಾದರೂ ಸಿಗುತ್ತದೆಯೇ? ಕನಿಷ್ಠ ಅದರ ಸ್ಕ್ಯಾನ್ ಪ್ರತಿ ಎರಡು ಬೇರೆ ಬೇರೆ ಕಡೆ ಇದೆಯೇ? ಸಿಗದಿದ್ದರೆ ನಿಮ್ಮ ಕೈಯಲ್ಲಿರುವುದು ಮೈಸೂರಿಗೆ ಬಂದ ಆ ಓಲೆಕಟ್ಟಿನಂಥದೇ ಇರಬಹುದು.

ದಾಟಿಸುವ ಕೆಲಸದಲ್ಲಿ ನೀವೂ ಸೇರಬಹುದು. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಹಾಗಾಗಿ ಅವರ ಬದುಕಿನಲ್ಲಿ ಪ್ರಕಟವಾದ ಬರಹಗಳು 2025ರ ಜನವರಿ 1ರಿಂದ ಎಲ್ಲರ ಸ್ವತ್ತು. ಮನೆ ಮಾರಿ ಅವರು ಕಾಗದಕ್ಕೆ ತಂದದ್ದನ್ನು ಯುನಿಕೋಡಿಗೆ ತರಲು ಇಂದು ಒಂದು ಕಂಪ್ಯೂಟರು ಮತ್ತು ದಿನಕ್ಕೆ ಅರ್ಧ ಗಂಟೆ ಸಾಕು. ಕನ್ನಡ ವಿಕಿಸೋರ್ಸ್‌ನಂಥ ತಾಣಗಳು ಅಂಥ ಕೈಗಳಿಗಾಗಿಯೇ ಇವೆ. ನಿಮ್ಮ ಶಾಲೆಯ ಹತ್ತು ಮಕ್ಕಳು ದಿನಕ್ಕೊಂದು ಪುಟ ಬೆರಳಚ್ಚು ಮಾಡಿ, ಒಬ್ಬರದನ್ನೊಬ್ಬರು ತಿದ್ದಿದರೆ 200 ಪುಟದ ಒಂದು ಪುಸ್ತಕ ಇಪ್ಪತ್ತು ದಿನಗಳಲ್ಲಿ ಆಚೆ ದಡ ಸೇರುತ್ತದೆ.

ಆದ್ದರಿಂದ ಇ-ರೀಡರ್ ಕೊಳ್ಳಿ, ಬೇಕೆನಿಸಿದರೆ. ಕಪಾಟನ್ನು ಮಾತ್ರ ಖಾಲಿ ಮಾಡಬೇಡಿ. ಅದರಲ್ಲಿನ ಯಾವ ಪುಸ್ತಕಕ್ಕೆ ಇನ್ನೊಂದು ಪ್ರತಿಯಿಲ್ಲ ಎಂಬುದನ್ನು ಮೊದಲು ನೋಡಿ, ಆ ಪುಸ್ತಕದಿಂದಲೇ ಕೆಲಸ ಆರಂಭಿಸಿ.